ಬೈಗುಳದ ಕೋಟು

ಹುಲುಗಪ್ಪ ಮೇಸ್ತ್ರಿಗಳ ಮೈಮೇಲೆ ಕೋಟು ಕಂಡಿತೆಂದರೆ, ಆ ದಿನ ಯಾರೋ ಅವರನ್ನು ಬೈಯಲಿದ್ದಾರೆ ಎಂದು ಕಾಲುವೆಯ ಗ್ಯಾಂಗಿಗೆಲ್ಲ ತಿಳಿದುಹೋಗುತ್ತಿತ್ತು. ಮದುವೆಗೆ ಅವರು ಅದನ್ನು ಹಾಕಿದವರಲ್ಲ, ಹಬ್ಬಕ್ಕೆ ಹಾಕಿದವರಲ್ಲ; ಮಾಗಿಯ ಬೆಳಗಿನಲ್ಲಿ ಹೊಳೆಯ ಕಡೆಯಿಂದ ಗಾಳಿ ಬೀಸಿ ನಾವೆಲ್ಲ ಹಲ್ಲು ಕಟಕಟಿಸುತ್ತಿದ್ದಾಗಲೂ ಕಂಬಳಿಯ ಕೊಪ್ಪೆಯಲ್ಲೇ ಬಂದು ನಿಲ್ಲುತ್ತಿದ್ದರು. ಆದರೆ ಎಲ್ಲಾದರೂ ದಂಡೆ ಕುಸಿಯಿತೋ, ಯಾವುದಾದರೂ ಊರಿಗೆ ನೀರು ತಡವಾಯಿತೋ, ಮೇಲಿನವರಿಂದ "ಮೇಸ್ತ್ರಿಯನ್ನು ಕಳಿಸು" ಎಂಬ ಹೇಳಿಕೆ ಬಂತೋ, ಸೀದಾ ಮನೆಗೆ ಹೋಗಿ, ಗೂಟಕ್ಕೆ ತೂಗಿದ್ದ ಆ ಕಪ್ಪು ಆಲ್ಪಾಕ ಕೋಟನ್ನು ತೊಟ್ಟು, ಉಳಿದಿದ್ದ ಮೂರು ಗುಂಡಿಗಳನ್ನೂ ಹಾಕಿಕೊಂಡು, ಕಚೇರಿಯ ಕಟ್ಟೆಯ ಕೆಳಗೆ ತಲೆ ತಗ್ಗಿಸಿ ನಿಂತುಬಿಡುತ್ತಿದ್ದರು. ಕಂಪ್ಲಿಯ ಸಂತೆಯಲ್ಲಿ ಹಳೆ ಬಟ್ಟೆಯವನ ಹತ್ತಿರ ಕೊಂಡ ಕೋಟಂತೆ ಅದು. ಅದಕ್ಕೂ ಮೊದಲು ಬಳ್ಳಾರಿಯ ಯಾರೋ ವಕೀಲರದಂತೆ. "ಜಡ್ಜಿ ಸಾಹೇಬ್ರ ಕೈಲಿ ಬೈಸ್ಕಂಡು ಬೈಸ್ಕಂಡು ಹದಾ ಆಗೈತ್ರಿ ಇದು. ನನಗ ಹೊಸಾದು ಯಾಕ ಬೇಕು?" ಎಂದು ಒಮ್ಮೆ ನನ್ನೆದುರು ನಕ್ಕಿದ್ದರು.

ಈಗ ಹೀಗೆ ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಸಾವಿರದ ಒಂಬೈನೂರ ಮೂವತ್ತೈದರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಮದರಾಸಿನಲ್ಲಿ ಓವರ್ಸೀರ್ ಪರೀಕ್ಷೆ ಪಾಸು ಮಾಡಿ, ತಲೆಗೆ ಬೆಂಡಿನ ಟೋಪಿ ಇಟ್ಟುಕೊಂಡು ಹೊಸಪೇಟೆಗೆ ಮರಳಿದಾಗ, ತಂದೆಯ ವಯಸ್ಸಿನ ಆ ಮನುಷ್ಯನನ್ನು "ಏ ಹುಲುಗಪ್ಪ" ಎಂದೇ ಕೂಗಿದವನು ನಾನು. ಅವರು "ಯಾಕ್ರಿ ರಾಯರ" ಎಂದು ಅಷ್ಟೇ ಮೃದುವಾಗಿ ಓಗೊಟ್ಟರು. ಕೂಗಿದವನ ಅಹಂಕಾರ ಓಗೊಟ್ಟವರಿಗೆ ತಟ್ಟಿದಂತೆ ಕಾಣಲಿಲ್ಲ. ನನಗೇ ತಟ್ಟಲು ವರ್ಷ ಹಿಡಿಯಿತು.

ನನ್ನ ಪಾಲಿಗೆ ಬಂದದ್ದು ಗಾಳೆಮ್ಮನ ಕಾಲುವೆ. ಹಂಪಿಯ ಅರಸರ ಕಾಲದಲ್ಲಿ ಹೊಳೆಗೆ ಅಡ್ಡವಾಗಿ ಬಂಡೆ ಜೋಡಿಸಿ ಕಟ್ಟಿದ ಅಣೆಯಿಂದ ಹೊರಟು, ಹೊಸಪೇಟೆಯ ಕಬ್ಬಿನ ಗದ್ದೆಗಳನ್ನು ಬಳಸಿ, ಕಮಲಾಪುರದ ಬಾಳೆಯ ತೋಟಗಳಿಗೆ ನೀರುಣಿಸಿ ಕೊನೆಗೊಳ್ಳುವ ಹಳೆಯ ಕಾಲುವೆ. ಯುಗಾದಿ ಕಳೆದ ಮೇಲೆ ಹದಿನೈದು ದಿನ ಅದಕ್ಕೆ ನೀರು ಬಂದ್. ಆ ಹದಿನೈದು ದಿನಗಳಲ್ಲಿ ಹೂಳು ತೆಗೆದು, ಜಂಬುಹುಲ್ಲು ಕಿತ್ತು, ದಂಡೆ ಸರಿಮಾಡಿ, ಹದಿನಾರನೆಯ ದಿನ ಮತ್ತೆ ನೀರು ಬಿಡಬೇಕು. ಬಾಳೆಗೂ ಕಬ್ಬಿಗೂ ಬಿಸಿಲಿನಲ್ಲಿ ಅಷ್ಟೇ ದಿನದ ತಾಳ್ಮೆ. ಈ ಕೆಲಸಕ್ಕೆ ಅರವತ್ತು ಆಳಿನ ಗ್ಯಾಂಗು, ಅದಕ್ಕೆ ಹುಲುಗಪ್ಪನವರು ಮೇಸ್ತ್ರಿ, ಎಲ್ಲರ ಮೇಲೆ ನಾನು. ಮೇಲಿದ್ದೇನೆ ಎಂಬ ಒಂದು ಸಂಗತಿಯನ್ನು ಮಾತ್ರ ಆಗ ನಾನು ಚೆನ್ನಾಗಿ ಬಲ್ಲವನಾಗಿದ್ದೆ.

ಆದರೂ ಬಂದ್ ಶುರುವಾದ ಮೊದಲ ದಿನವೇ ಹುಲುಗಪ್ಪನವರು ನನ್ನನ್ನು ಗೆದ್ದುಕೊಂಡರು. ಹೂಳು ತೆಗೆಯುವುದನ್ನು ಅಣೆಯ ಕಡೆಯಿಂದ ಆರಂಭಿಸಬೇಕೋ ಕಾಲುವೆ ಮುಗಿಯುವ ಬಾಲದ ಕಡೆಯಿಂದಲೋ ಎಂಬ ಮಾತು ಬಂದಾಗ, ಅರವತ್ತು ಜನರನ್ನೂ ಹುಣಸೆಯ ನೆರಳಿನಲ್ಲಿ ಕೂರಿಸಿ, ತಾವು ಕುಕ್ಕರುಗಾಲಿನಲ್ಲಿ ಕುಳಿತು, ಹಲ್ಲಿನ ಸಂದಿಗೆ ಒಂದು ಹುಲ್ಲುಕಡ್ಡಿ ಸಿಕ್ಕಿಸಿಕೊಂಡು, ಎಲ್ಲರಿಗಿಂತ ಮೊದಲು ನನ್ನತ್ತ ತಿರುಗಿ, "ರಾಯರ, ನೀವೇನಂತೀರಿ?" ಎಂದು ಕೇಳಿದರು. ಎಂಥ ಮರ್ಯಾದೆ! ಪದವಿಯನ್ನು ಬಲ್ಲ ಮನುಷ್ಯ ಎಂದುಕೊಂಡು, ಪುಸ್ತಕದಲ್ಲಿ ಓದಿದ್ದನ್ನೆಲ್ಲ ಅರ್ಧ ಗಂಟೆ ಹೇಳಿದೆ. ಅವರು ಅಡ್ಡ ಬಾಯಿ ಹಾಕದೆ ಕೇಳಿದರು. ಆಮೇಲೆ ಗ್ಯಾಂಗಿಗೆ ಹೊಸದಾಗಿ ಸೇರಿದ್ದ ಯಲ್ಲಕ್ಕನನ್ನು ಕೇಳಿದರು, ಆಮೇಲೆ ಅವಳಿಗಿಂತ ಹಳಬರನ್ನು, ಹೀಗೆ ಒಬ್ಬೊಬ್ಬರನ್ನೇ ದಾಟಿ ಕಡೆಗೆ ಹಿರಿಯರಾದ ನಾಲ್ವರನ್ನು. ಕೆಲಸ ಬಾಲದ ಕಡೆಯಿಂದ ಶುರುವಾಯಿತು. ನಾನು ಹೇಳಿದ್ದು ಅಣೆಯ ಕಡೆಯಿಂದ.

ಒಂದು ವಾರದ ಮೇಲೆ ಯಲ್ಲಕ್ಕನೇ ಗುಟ್ಟು ಬಿಟ್ಟುಕೊಟ್ಟಳು. ಅವಳು ಚೋರನೂರಿನ ಒಣಹೊಲಗಳ ಕಡೆಯವಳು; ಸಂಡೂರಿನ ಗುಡ್ಡಗಳ ಈಚೆ ಬಂದು, ಇಷ್ಟು ನೀರು ಹರಿಯುವುದನ್ನು ಮೊದಲ ಬಾರಿಗೆ ಕಂಡವಳು; ಬುಟ್ಟಿ ಹೊರುವವಳು. ಬಾವಿಕಟ್ಟೆಯ ಹತ್ತಿರ ತನ್ನ ಜೊತೆಯವಳಿಗೆ ಅವಳು ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. "ನಮ್ ಮೇಸ್ತ್ರಿಯಣ್ಣ ಮೊದ್ಲು ಏನೂ ಗೊತ್ತಿಲ್ದವ್ರನ್ನ ಕೇಳ್ತಾನ. ರಾಯರು ಬರಾಕಿಂತ ಮೊದ್ಲು ನನ್ನ ಕೇಳ್ತಿದ್ದ. ಈಗ ನನಗ ಬಡ್ತಿ ಆಗೈತಿ ನೋಡು!" ಅವರಿಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡು ಬೇರೆ ದಾರಿ ಹಿಡಿದೆ.

ಈ ಪದ್ಧತಿಯ ಬೇರು ಎಲ್ಲಿದೆಯೆಂಬುದು ಬಹಳ ತಡವಾಗಿ ತಿಳಿಯಿತು. ಹುಲುಗಪ್ಪನವರು ಪ್ರಾಯದಲ್ಲಿ ಸಂಡೂರಿನ ಗುಡ್ಡದ ಯಾವುದೋ ಅದುರುಗುಂಡಿಯಲ್ಲಿ ಹಾರೆ ಹಿಡಿದವರು. ಸೇರಿದ ಮೂರನೆಯ ದಿನ, ನೆತ್ತಿಯ ಮೇಲೆ ಚಾಚಿಕೊಂಡಿದ್ದ ಬಂಡೆಯಲ್ಲಿ ಬಿರುಕು ಕಂಡು ಬಾಯಿ ತೆರೆದರೆ, ಅಲ್ಲಿನ ಮೇಸ್ತ್ರಿ "ನಿನ್ನೆ ಬಂದವ ನನಗ ಹೇಳಾಕ ಬರ್ತೀಯೇನಲೇ" ಎಂದು ಗದರಿದನಂತೆ. ಮಧ್ಯಾಹ್ನ ಬಂಡೆ ಇಳಿಯಿತು. ಅದರಡಿಗೆ ಸಿಕ್ಕಿದ ಜೊತೆಯವನ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಹುಲುಗಪ್ಪನವರು ಇಷ್ಟನ್ನು ಹೇಳಿ, ಕಡ್ಡಿಯನ್ನು ಬಾಯಿಯ ಈ ಬದಿಯಿಂದ ಆ ಬದಿಗೆ ಹಾಕಿಕೊಂಡು, "ಹಳಬನ ಕಣ್ಣು ರೂಢಿ ಆಗಿರ್ತೈತ್ರಿ. ಹೊಸಬನ ಕಣ್ಣು ಇನ್ನಾ ನೋಡ್ತಿರ್ತೈತಿ. ನಾ ಮೊದ್ಲು ಮಾತಾಡಿಬಿಟ್ರ ಅವ ಏನು ನೋಡ್ಯಾನ ಅಂತ ಹೇಳೂದಿಲ್ಲ" ಎಂದರು. ನಾನು ಮದರಾಸಿನಲ್ಲಿ ಎರಡು ವರ್ಷ ಓದಿದ ಯಾವ ಪುಸ್ತಕದಲ್ಲೂ ಈ ಪಾಠ ಇರಲಿಲ್ಲ.

ಅವರ ನಡಿಗೆಯೂ ಮೊದಮೊದಲು ನನಗೆ ತಪ್ಪಾಗಿಯೇ ಕಂಡಿತ್ತು. ಗ್ಯಾಂಗು ದಂಡೆಯ ಮೇಲೆ ಸಾಲಾಗಿ ಹೊರಟರೆ ಮೇಸ್ತ್ರಿ ಮುಂದಿರಬೇಕಲ್ಲವೇ? ಇವರು ಎಲ್ಲರಿಗಿಂತ ಹಿಂದೆ, ಬರಿಗಾಲಿನಲ್ಲಿ, ಎಡ ಪಾದವನ್ನು ಸ್ವಲ್ಪ ಹೊರಚಾಚಿ, ಹತ್ತು ಹೆಜ್ಜೆಗೊಮ್ಮೆ ನಿಂತು, ಹೆಬ್ಬೆರಳಿನಿಂದ ಮಣ್ಣನ್ನು ಒತ್ತಿ ನೋಡುತ್ತ, ಯಾವ ಅವಸರವೂ ಇಲ್ಲದೆ ಬರುತ್ತಿದ್ದರು. ಸೋಮಾರಿತನವೆಂದು ತೀರ್ಮಾನಿಸಿ ಒಂದು ದಿನ ಕೇಳಿಯೂ ಬಿಟ್ಟೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. "ನೀರು ಬಿಟ್ಟ ದಿನ ನೋಡ್ರಿ ರಾಯರ. ಮುಂದಿದ್ದವಗ ನೀರು ಬರೂದು ಕಾಣ್ತೈತಿ. ಸೋರೂದು ಕಾಣಬೇಕಂದ್ರ ಹಿಂದ ಇರಬೇಕು" ಎಂದರು. ಉಳಿದ ದಿನಗಳಲ್ಲಿ ಹಿಂದೇಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಬಿಸಿಲಿಗೆ ತಲೆಸುತ್ತಿ ಹಿಂದುಳಿದವರು, ಮುಳ್ಳು ತುಳಿದು ಕುಂಟುವವರು, ಮನೆಯ ಚಿಂತೆ ಹೊತ್ತು ಕಾಲೆಳೆಯುವವರು ಎಲ್ಲರೂ ಕೊನೆಗೆ ಅವರ ಪಕ್ಕದಲ್ಲೇ ನಡೆಯುತ್ತಿದ್ದರು ಎಂಬುದನ್ನು ನಾನೇ ಕಂಡೆ.

ಇನ್ನೊಂದು ಹಟ ಅವರದು. ಅಣೆಯ ಬಳಿಯ ತೂಬಿನ ಬಾಗಿಲುಗಳನ್ನು ಎತ್ತಿ ಇಳಿಸುವ ತಿರುಪನ್ನು ಅವರು ಎಂದೂ ಮುಟ್ಟುತ್ತಿರಲಿಲ್ಲ. ಅದು ಲಸ್ಕರ್ ಮೂಕಣ್ಣನ ಕೆಲಸ. ತೂಬು ಕಾಯುವ ನೌಕರನನ್ನು ನಮ್ಮಲ್ಲಿ ಲಸ್ಕರ್ ಎನ್ನುತ್ತಿದ್ದರು. ಮೂಕಣ್ಣನ ತಂದೆಯೂ ಅದೇ ತಿರುಪನ್ನು ತಿರುಗಿಸಿದವನು. ಅವನ ಮನೆ, ಬದುಕು, ಹೆಮ್ಮೆ ಎಲ್ಲ ಆ ತೂಬಿನ ಬುಡದಲ್ಲಿಯೇ. ಹೆಸರಿಗೆ ತಕ್ಕಂತೆ ಮಾತು ಕಡಿಮೆ. ಮೇಸ್ತ್ರಿ ಕೆಳಗೆ ನಿಂತು ಎಷ್ಟು ಗೇಣು ಎಂದು ಬೆರಳಿನಲ್ಲಿ ತೋರಿಸಿದರೆ, ಅವನು ಅಷ್ಟನ್ನೇ ಎತ್ತುತ್ತಿದ್ದ. ಬಂದ್ ಮುಗಿದ ಮೇಲೆ ನೀರು ಬಿಡುವುದಕ್ಕೂ ಒಂದು ಕ್ರಮವಿತ್ತು. ಮೊದಲ ದಿನ ಒಂದೇ ಗೇಣು. ಹದಿನೈದು ದಿನ ಒಣಗಿ ಬಾಯಿಬಿಟ್ಟ ದಂಡೆಯ ಮಣ್ಣು ಆ ನೀರನ್ನು ಕುಡಿದು, ಉಬ್ಬಿ, ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳಬೇಕು. ಗ್ಯಾಂಗೆಲ್ಲ ಆ ನೀರಿನ ಜೊತೆ ಕಮಲಾಪುರದವರೆಗೂ ನಡೆದು ಸೋರುವ ಕಡೆ ಮೆತ್ತಬೇಕು. ಮೂರನೆಯ ದಿನ ಪೂರ್ತಿ ನೀರು. ಈ ಕ್ರಮ ಯಾವ ಕಾಗದದಲ್ಲಿಯೂ ಇರಲಿಲ್ಲ. ನನಗೆ ಅದು ಹಳೆಯ ಜನರ ಮಡಿಯಂತೆ ತೋರಿತು.

ತಪ್ಪು ನಾನು ಮಾಡಿದ್ದು ಇಲ್ಲಿಯೇ. ಆ ವರ್ಷ ಶುಕ್ರವಾರ ನೀರು ಬಿಡುವುದೆಂದು ಗೊತ್ತಾಗಿತ್ತು. ಎಂಜಿನಿಯರ್ ಸಾಹೇಬರು ಗುರುವಾರ ಬೆಳಿಗ್ಗೆ ಕಮಲಾಪುರದ ಬಂಗಲೆಗೆ ಬರುವವರಿದ್ದರು. ನನ್ನ ಆರು ತಿಂಗಳ ಪರೀಕ್ಷಾವಧಿ ಮುಗಿಯುತ್ತ ಬಂದಿತ್ತು. ಕೆಲಸ ಕಾಯಂ ಆಗುವುದು ಅವರ ಒಂದು ಸಾಲಿನ ಮೇಲೆ ನಿಂತಿತ್ತು. ತಂದೆ ಇಲ್ಲದ ಮನೆ. ತಾಯಿ ಕೃಷ್ಣಾಬಾಯಿ ಆಗಲೇ ಕೇರಿಯವರಿಗೆಲ್ಲ ನನ್ನ ಕೆಲಸ ಕಾಯಂ ಆಯಿತೆಂದು ಹೇಳಿಯಾಗಿತ್ತು. ಸಾಹೇಬರು ಬರುವ ವೇಳೆಗೆ, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ, ಬಂಗಲೆಯ ಮುಂದೆ ಕಾಲುವೆ ತುಂಬಿ ಹರಿಯುತ್ತಿದ್ದರೆ! ಈ ಆಲೋಚನೆ ಬಂದ ಮೇಲೆ ನನಗೆ ಬೇರೆ ಆಲೋಚನೆ ಬರಲಿಲ್ಲ.

ಬುಧವಾರ ಬೆಳಕು ಹರಿಯುತ್ತಲೇ ಅಣೆಗೆ ಹೋದೆ. ಹುಲುಗಪ್ಪನವರು ಅರ್ಧ ಗ್ಯಾಂಗಿನೊಂದಿಗೆ ಬಾಲದ ಕಡೆ ಜಂಬು ಕೀಳಿಸುತ್ತಿದ್ದರು. ಅವರಿಲ್ಲದ ವೇಳೆ ನೋಡಿಕೊಂಡೇ ಹೋದೆ ಎಂಬುದನ್ನು ಮುಚ್ಚಿಡುವುದಿಲ್ಲ.

"ಮೂಕಣ್ಣ, ಬಾಗಿಲು ಎತ್ತು. ಪೂರ್ತಿ."

"ಮೇಸ್ತ್ರಿ ಬರ್ಲಿ ರಾಯರ," ಎಂದ ಅವನು.

"ಇಲ್ಲಿ ಓವರ್ಸೀರ್ ಯಾರು? ನಾನೋ ಮೇಸ್ತ್ರಿಯೋ?"

"ನೀವ ರೀ. ಆದ್ರ ದಂಡಿ ಇನ್ನಾ ಒಣಗೈತ್ರಿ. ಒಂದು ಗೇಣು ಬಿಡೂನು..."

"ಹೇಳಿದಷ್ಟು ಮಾಡು!"

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ತಿರುಪಿನ ಹಿಡಿಗೆ ಕೈ ಹಾಕಿದ. ಅಷ್ಟು ದಿನ ತಡೆದಿದ್ದ ಹೊಳೆ ಬಾಗಿಲಿನಡಿ ನುಗ್ಗಿ ಹೊರಟಾಗ ನನಗಾದ ಸಂತೋಷವನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ನೀರಿನ ಮುಂದೆ ಮುಂದೆ, ಸೈಕಲ್ಲಿನ ಮೇಲೆ, ದಂಡೆಯುದ್ದಕ್ಕೂ ನಾನು ಮೆರವಣಿಗೆಯವನಂತೆ ಹೋದೆ. ಹಿಂದೆ ಏನಾಗುತ್ತಿದೆ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.

ಕಮಲಾಪುರ ಇನ್ನು ಮೈಲಿ ದೂರವಿರುವಾಗ ಹಿಂದಿನಿಂದ ಕೂಗು ಕೇಳಿತು. ಹೊನ್ನೂರಮ್ಮನೆಂಬುವಳ ಬಾಳೆತೋಟದ ಬದಿಯಲ್ಲಿ ದಂಡೆ ಬಾಯಿ ತೆರೆದಿತ್ತು. ನಾನು ಹಿಂದಿರುಗುವ ಹೊತ್ತಿಗೆ ನೀರು ತೋಟದೊಳಗೆ ನುಗ್ಗಿ ಎರಡು ಸಾಲು ಬಾಳೆಯನ್ನು ಬುಡಸಮೇತ ಮಲಗಿಸಿತ್ತು. ಅಲ್ಲಿ ಹತ್ತಿರ ಕೆಲಸ ಮಾಡುತ್ತಿದ್ದ ಆಳುಗಳು ಬುಟ್ಟಿ ಬುಟ್ಟಿ ಮಣ್ಣು ಸುರಿಯುತ್ತಿದ್ದರು. ಸುರಿದದ್ದೆಲ್ಲ ಕೆಂಪು ನೀರಾಗಿ ಹರಿದುಹೋಗುತ್ತಿತ್ತು. "ಮಣ್ಣು ಹಾಕಿ, ಮಣ್ಣು ಹಾಕಿ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವನು ನಾನು. ಕೂಗುವುದನ್ನು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ.

ಹುಲುಗಪ್ಪನವರು ಓಡಿಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬರುವ ದಾರಿಯಲ್ಲೇ, ಬಾಗಿಲು ಇಳಿಸುವಂತೆ ಮೂಕಣ್ಣನಿಗೆ ಹೇಳಲು ಒಬ್ಬನನ್ನು ಓಡಿಸಿದ್ದರು. ಬಂದವರೇ ಯಾರನ್ನೂ ಗದರಲಿಲ್ಲ. ಒಡೆದ ಬಾಯಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು. ಅವರು ಕುಳಿತದ್ದೇ ತಡ, ಅದುವರೆಗೆ ಕೂಗುತ್ತಿದ್ದವರೆಲ್ಲ ಸುಮ್ಮನಾದರು. ಮೊದಲ ದಿನದಂತೆಯೇ ನನ್ನತ್ತ ತಿರುಗಿ, "ರಾಯರ, ನೀವೇನಂತೀರಿ?" ಎಂದರು.

ಅದರಲ್ಲಿ ಚುಚ್ಚು ಇರಲಿಲ್ಲ. ನಾನು ಏನಾದರೂ ಕಂಡಿರಬಹುದೆಂದು ನಿಜವಾಗಿಯೂ ಕೇಳಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಯಲ್ಲಕ್ಕನನ್ನು ನೋಡಿದರು.

"ನೀರು ಮ್ಯಾಲಿಂದ ಹೊಂಟಿಲ್ಲ ಯಣ್ಣ," ಎಂದಳು ಅವಳು. "ಆ ಹುಣಸಿ ಬುಡಕ ಏಡಿ ತೂತು ಐತಿ. ಅಲ್ಲಿ ಹೊಕ್ಕು ಇಲ್ಲಿ ಬರಾಕತ್ತೈತಿ. ನಿನ್ನೇನ ನೋಡಿದ್ದೆ, ಹೇಳಾಕ ಅಂಜಿಕಿ ಆತು."

"ಯಾರ ಅಂಜಿಕಿ?"

ಅವಳು ನನ್ನತ್ತ ನೋಡಿ, ಕೂಡಲೇ ನೆಲ ನೋಡಿದಳು. ಹಿಂದಿನ ದಿನ ಅವಳು ಬುಟ್ಟಿ ಕೆಳಗಿಟ್ಟು ಹುಣಸೆಯ ಬುಡದಲ್ಲಿ ಬಗ್ಗಿ ನೋಡುತ್ತಿದ್ದಾಗ "ಕೆಲಸ ನೋಡು" ಎಂದು ಗದರಿ ಹೋದವನು ನಾನೇ. ಸಂಡೂರಿನ ಗುಂಡಿಯಲ್ಲಿ ಹುಲುಗಪ್ಪನವರ ಬಾಯಿ ಮುಚ್ಚಿಸಿದ ಆ ಮೇಸ್ತ್ರಿಯ ಕಥೆ ನನಗಿನ್ನೂ ತಿಳಿದಿರಲಿಲ್ಲ. ತಿಳಿದ ದಿನ ನಾನು ನೆನೆಸಿಕೊಂಡದ್ದು ಯಲ್ಲಕ್ಕನ ಆ ನೋಟವನ್ನು.

ಆಮೇಲಿನ ಕೆಲಸ ಮಾತಿಲ್ಲದೆ ನಡೆಯಿತು. ಒಡೆದ ಬಾಯಿಯನ್ನು ಬಿಟ್ಟು, ನೀರಿನ ಒಳಬದಿಯ ಏಡಿಯ ತೂತಿಗೆ ಹುಲ್ಲು ಬೆರೆಸಿದ ಜೇಡಿಯನ್ನು ಉಂಡೆ ಕಟ್ಟಿ ತುಳಿದರು. ಗೂಟ ಹೊಡೆದು ಅಡ್ಡ ಹಾಕಲು ಮರವಿಲ್ಲದಾಗ ಹೊನ್ನೂರಮ್ಮನೇ ಬಂದು, "ಬಿದ್ದಾವಲ್ಲ, ಆ ಬಾಳಿ ದಿಂಡು ಹಾಕ್ರಿ. ನಿಂತಾವಕ್ಕರ ನಾಳೆ ನೀರು ಸಿಗ್ಲಿ" ಎಂದಳು. ಹೊತ್ತು ಇಳಿಯುವುದರೊಳಗೆ ದಂಡೆ ನಿಂತಿತು. ನಾನು ಅಂದು ಮೊದಲ ಬಾರಿಗೆ ಟೋಪಿ ತೆಗೆದಿಟ್ಟು ಬುಟ್ಟಿ ಹೊತ್ತೆ. ಯಾರೂ ಅದನ್ನು ಹೊಗಳಲಿಲ್ಲ, ಬೇಡವೆನ್ನಲೂ ಇಲ್ಲ.

ಸಂಜೆ ಹುಲುಗಪ್ಪನವರ ಮನೆಯ ಮುಂದೆ ಹಾಯುವಾಗ, ಅವರ ಹೆಂಡತಿ ಬಸಕ್ಕ ಕಟ್ಟೆಯ ಮೇಲೆ ಕುಳಿತು ಆ ಕರಿಯ ಕೋಟಿಗೆ ಸಡಿಲವಾದ ಗುಂಡಿ ಹೊಲಿಯುತ್ತಿದ್ದಳು. ನನ್ನ ಕಾಲು ಅಲ್ಲಿಯೇ ನಿಂತಿತು.

"ಕೋಟು ಯಾಕ, ಹುಲುಗಪ್ಪ?"

"ನಾಳೆ ಸಾಹೇಬ್ರು ಬರ್ತಾರಲ್ರಿ," ಎಂದರು ಅವರು, ಕಾಲಿನ ಕೆಸರು ತೊಳೆಯುತ್ತ. "ನೀವು ಹೋಗಿ ಉಂಡು ಮಲಗ್ರಿ ರಾಯರ. ಹೊಸಾದ್ರಾಗ ಆಗ್ತಾವ ಇಂಥಾವು."

ನನಗೆ ಸಮಾಧಾನವಾಯಿತು. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ: ಅವರ ಕೋಟನ್ನು ಕಂಡು ನನಗೆ ಸಮಾಧಾನವೇ ಆಯಿತು. ಬೈಗುಳ ಅವರ ಮೇಲೆ ಬಿದ್ದು ಅಲ್ಲಿಗೇ ಮುಗಿಯುತ್ತದೆ, ಎಂದಿನಂತೆ; ನನ್ನ ಕೆಲಸ ಉಳಿಯುತ್ತದೆ, ಅವ್ವನ ಮಾತು ಸುಳ್ಳಾಗುವುದಿಲ್ಲ. ಮನೆಗೆ ಹೋಗಿ ಉಂಡೆ ಕೂಡ.

ಮರುದಿನ ಬಂಗಲೆಯ ಪಡಸಾಲೆಯಲ್ಲಿ ಸಾಹೇಬರು ಕುಳಿತಿದ್ದರು; ದಂಡೆ ಒಡೆದ ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು. ತಮಿಳು ಸೀಮೆಯವರು, ಕೆಲಸದಲ್ಲಿ ಕಟ್ಟುನಿಟ್ಟು, ಕೆಟ್ಟವರಲ್ಲ. ಕೆಳಗೆ ಮೂಕಣ್ಣ, ಅವನ ಪಕ್ಕ ಕೋಟು ತೊಟ್ಟ ಹುಲುಗಪ್ಪನವರು. ನಾನು ಮೇಲೆ, ಸಾಹೇಬರ ಕುರ್ಚಿಯ ಹತ್ತಿರ.

"ಬಾಗಿಲು ಎತ್ತಿದವನು ಯಾರು?" ಎಂದು ಹರಕು ಕನ್ನಡದಲ್ಲಿ ಕೇಳಿದರು.

"ನಾನ್ರಿ," ಎಂದ ಮೂಕಣ್ಣ. ಯಾರು ಎತ್ತಿಸಿದರು ಎಂದು ಅವನು ಹೇಳಲಿಲ್ಲ. ನನ್ನತ್ತ ನೋಡಲೂ ಇಲ್ಲ.

ಹುಲುಗಪ್ಪನವರು ಒಂದು ಹೆಜ್ಜೆ ಮುಂದೆ ಬಂದರು. "ತಪ್ಪು ನಂದ್ರಿ ಸಾಹೇಬ್ರ. ತೂಬಿನ ಹತ್ರ ನಾನಿರಬೇಕಿತ್ತು, ಇರ್ಲಿಲ್ಲ."

ಸಾಹೇಬರು ಇಂಗ್ಲಿಷಿನಲ್ಲಿ, ತಮಿಳಿನಲ್ಲಿ, ಬಂದಷ್ಟು ತೆಲುಗಿನಲ್ಲಿ ಬೈದರು. ಹುಲುಗಪ್ಪನವರು ತಲೆ ತಗ್ಗಿಸಿ, ಮಳೆ ನಿಲ್ಲಲೆಂದು ಕಾಯುವವರಂತೆ ನಿಂತಿದ್ದರು. ಬೈಗುಳ ನಿಂತಿತು. ಆದರೆ ಅಂದು ಅದು ಕೋಟಿನ ಮೇಲೆ ನಿಲ್ಲಲಿಲ್ಲ. "ಮೇಸ್ತ್ರಿಗೆ ಎಚ್ಚರಿಕೆ ಕೊಟ್ಟಿದ್ದೇನೆ. ಅಪ್ಪಣೆಯಿಲ್ಲದೆ ಬಾಗಿಲು ಎತ್ತಿದ ಈ ಲಸ್ಕರನನ್ನು ಇವತ್ತೇ ಕೆಲಸದಿಂದ ತೆಗೆಯಿರಿ" ಎಂದು ಎಲ್ಲರಿಗೂ ತಿಳಿಯುವಂತೆ ಹರಕು ಕನ್ನಡದಲ್ಲೇ ನನಗೆ ಹೇಳಿ ಸಾಹೇಬರು ಕಾಗದದ ಕಡೆ ತಿರುಗಿದರು.

ಮೂಕಣ್ಣನ ಕೈಗಳು, ಇಲ್ಲದ ತಿರುಪನ್ನು ಹಿಡಿದಂತೆ, ಒಂದರ ಮೇಲೊಂದು ಬಿಗಿಯಾದವು. ಹುಲುಗಪ್ಪನವರು ಆಗ ತಲೆಯೆತ್ತಿದರು. ಅಷ್ಟು ವರ್ಷದಲ್ಲಿ ಆ ಕೋಟು ಸಾಲದೆ ಹೋದದ್ದು ಅದೇ ಮೊದಲಿರಬೇಕು. ನನ್ನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲು ಅವರಿಗೆ ಎಲ್ಲ ಹಕ್ಕೂ ಇತ್ತು. ಅವರು ಹೇಳಲಿಲ್ಲ. ಹುಣಸೆಯ ನೆರಳಿನಲ್ಲಿ, ಒಡೆದ ದಂಡೆಯ ಅಂಚಿನಲ್ಲಿ ಕೇಳಿದ ಅದೇ ದನಿಯಲ್ಲಿ, ನಾನೇನಾದರೂ ಕಂಡಿರಬಹುದು ಎಂಬ ಅದೇ ನಂಬಿಕೆಯಲ್ಲಿ, "ರಾಯರ, ನೀವೇನಂತೀರಿ?" ಎಂದು ಕೇಳಿದರು.

ನಾನು ಪಡಸಾಲೆಯಿಂದ ಇಳಿದು ಮೂಕಣ್ಣನ ಪಕ್ಕಕ್ಕೆ ಹೋದೆ. ಯಾಕೆ ಇಳಿದೆನೋ ತಿಳಿಯದು. ಮೇಲೆ ನಿಂತು ಆ ಮಾತು ಹೇಳಲು ಬರುತ್ತಿರಲಿಲ್ಲ.

"ಸಾರ್, ಪೂರ್ತಿ ಎತ್ತು ಎಂದವನು ನಾನು. ಮೂಕಣ್ಣ ಬೇಡವೆಂದ. ಮೇಸ್ತ್ರಿ ಬರಲಿ ಎಂದ. ನಾನು ಕೇಳಲಿಲ್ಲ. ಮೇಸ್ತ್ರಿಗೆ ಗೊತ್ತೇ ಇರಲಿಲ್ಲ."

ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕೊನೆಗೆ, ಮೂಕಣ್ಣ ತೂಬಿಗೆ ಹೋಗಬಹುದು ಎಂದರು. ನನ್ನ ಪರೀಕ್ಷಾವಧಿಯನ್ನು ಒಂದು ವರ್ಷ ಮುಂದುವರಿಸಿದರು. "ಇದೇ ಕಾಲುವೆ, ಇದೇ ಮೇಸ್ತ್ರಿ. ಇನ್ನೊಂದು ವರ್ಷ ಇವನ ಕೈಕೆಳಗೆ ಕಲಿ. ಅದೇ ನಿನಗೆ ಶಿಕ್ಷೆ." ಮೇಸ್ತ್ರಿಯ ಕೈಕೆಳಗೆ ಓವರ್ಸೀರ್! ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಹುಲುಗಪ್ಪನವರಿಗೆ ತಿಳಿಯಲಿಲ್ಲ. ನಾನು ಅವರಿಗೆ ಎಂದೂ ತಿಳಿಸಲಿಲ್ಲ, ತಿಳಿದಿದ್ದರೆ ಅವರು ಸಂಕೋಚದಿಂದ ಕೆಲಸ ಬಿಡುತ್ತಿದ್ದರು.

ಗೇಟು ದಾಟಿದ ಮೇಲೆ ಹುಲುಗಪ್ಪನವರು ಕೋಟು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಹೊಗಳಿಕೆಯ ಮಾತು ಬರಬಹುದೆಂದು ನಾನು ಒಳಗೊಳಗೇ ಕಾದಿದ್ದೆ. "ನಾಳೆ ಒಂದು ಗೇಣು ಬಿಡೂನ್ರಿ?" ಎಂದಷ್ಟೇ ಕೇಳಿದರು. "ಹೂಂ, ಹುಲುಗಪ್ಪಣ್ಣ" ಎಂದೆ. ಅಣ್ಣನೆಂದು ಕರೆದದ್ದು ಅದೇ ಮೊದಲು. ಅವರು ಗಮನಿಸಿದರೋ ಇಲ್ಲವೋ ಗೊತ್ತಿಲ್ಲ. ಹಿಂದೆ ಬರುತ್ತಿದ್ದ ಮೂಕಣ್ಣ ಗಮನಿಸಿದ.

ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಕೇರಿಯವರ ಮುಂದೆ ತಲೆತಗ್ಗುವುದು ಅವಳಿಗೆ ಸುಲಭದ ಮಾತಲ್ಲ. ನನ್ನ ಮುಂದೆ ಎಲೆ ಹಾಕಿ ನೀರು ಚಿಮುಕಿಸಿದಳು. ಆಮೇಲೆ, "ಆ ಮೂಕಣ್ಣನ ಮನ್ಯಾಗ ಇವತ್ತು ಒಲಿ ಹಚ್ಚಿರ್ತಾರಲ್ಲಪ್ಪ. ಅಷ್ಟು ಸಾಕು, ಉಣ್ಣು" ಎಂದು ಸಾರು ಬಡಿಸಿದಳು.

ಮರುದಿನ, ಶುಕ್ರವಾರ, ಒಂದು ಗೇಣು ನೀರಿನ ಹಿಂದೆ ಹುಲುಗಪ್ಪನವರ ಪಕ್ಕದಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಆ ದಿನದಿಂದ ಶುರುವಾದ ಶಿಕ್ಷೆಯ ವರ್ಷಕ್ಕೆ ಸಮನಾದ ವರ್ಷ ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ. ಅವರು ಕಲಿಸಿದರು ಎಂದರೆ ತಪ್ಪಾಗುತ್ತದೆ. ಇಂಥದ್ದನ್ನು ಹೀಗೆ ಮಾಡಿ ಎಂದು ಅವರು ನನಗೆ ಒಮ್ಮೆಯೂ ಹೇಳಿದವರಲ್ಲ. ಆಳು ತಪ್ಪಿದರೆ ಅವನೊಬ್ಬನನ್ನೇ ಹೂಳಿನ ಗುಡ್ಡೆಯ ಆಚೆ ಕರೆದೊಯ್ದು ಹೇಳುತ್ತಿದ್ದರು, ಚೆನ್ನಾಗಿ ಮಾಡಿದರೆ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಎಲ್ಲರೆದುರು ಹೇಳುತ್ತಿದ್ದರು. ಒಬ್ಬರಿಗೆ ಒಪ್ಪಿಸಿದ ಕೆಲಸವನ್ನು, ಕೈ ಎಷ್ಟು ತುರಿಸಿದರೂ, ತಾವು ಮಾಡುತ್ತಿರಲಿಲ್ಲ. ನಾನು ನೋಡುತ್ತಿದ್ದೆ. ಮರುವರ್ಷ ದಂಡೆಯ ಒಂದು ಕಲ್ಲೂ ಅಲುಗದೆ ನೀರು ಬಾಲ ಮುಟ್ಟಿದಾಗ, ಅದೇ ಸಾಹೇಬರು ಇಳಿದು ಬಂದು "ನಿಮ್ಮ ಮೇಸ್ತ್ರಿ ಎಲ್ಲಿ? ಅವನಿಗೆ ಒಂದು ಒಳ್ಳೆಯ ಮಾತು ಹೇಳಬೇಕು" ಎಂದರು. ಹುಡುಕಿದರೆ, ಹೊಗಳಿಕೆಯ ವಾಸನೆ ಬಡಿದಿದ್ದ ಆ ಮನುಷ್ಯ ಕಾಲು ಮೈಲಿ ಹಿಂದೆ ನೀರಿಗಿಳಿದು ಅರವತ್ತು ಬುಟ್ಟಿಗಳನ್ನು ತೊಳೆಯುತ್ತಿದ್ದರು. ಕರೆದರೆ, "ಯಲ್ಲಕ್ಕನ್ನ ಕರಕೊಂಡು ಹೋಗ್ರಿ. ಏಡಿ ತೂತು ಮೂವತ್ತು ಹುಡುಕ್ಯಾಳ ಈ ಸಲ" ಎಂದರು. ಕರೆದುಕೊಂಡು ಹೋದೆ. ಸಾಹೇಬರು ಅವಳ ಕೆಲಸ ಕೇಳಿ ತಲೆದೂಗಿದರು. ಅವಳು ಅಂದು ಸಂಜೆಯವರೆಗೂ ನೆಲದ ಮೇಲೆ ನಡೆಯಲಿಲ್ಲ.

ಈಗ ಅದೇ ಹೊಳೆಗೆ, ಹೊಸಪೇಟೆಯ ಹತ್ತಿರ ಮಲ್ಲಾಪುರದಲ್ಲಿ, ದೊಡ್ಡ ಡ್ಯಾಂ ಏಳುತ್ತಿದೆ. ಅಲ್ಲಿ ಮಣ್ಣಿನ ಕೆಲಸದ ಒಂದು ಭಾಗ ನನ್ನ ಕೈಲಿದೆ. ಎರಡು ವರ್ಷದ ಕೆಳಗೆ ಹುಲುಗಪ್ಪನವರು, ಆಗಲೇ ಕೋಲೂರಿ ನಡೆಯುತ್ತಿದ್ದವರು, ನೋಡಲೆಂದು ಬಂದಿದ್ದರು. ಯಂತ್ರಗಳನ್ನು ತೋರಿಸಿದೆ, ಅಷ್ಟಾಗಿ ನೋಡಲಿಲ್ಲ. ದಿಬ್ಬದ ಮೇಲೆ ಇರುವೆಯ ಸಾಲಿನಂತೆ ಹೋಗುತ್ತಿದ್ದ ಜನರನ್ನು ನೋಡಿದರು.

"ಎಷ್ಟು ಮಂದಿ ರೀ?"

"ಎಂಟುನೂರು, ಹುಲುಗಪ್ಪಣ್ಣ."

"ಭಾಳ ಆತಲ್ರಿ! ಮೊದ್ಲು ಯಾರನ್ನ ಕೇಳ್ತೀರಿ?"

ಆ ವಾರ ಸೇರಿದ್ದ ಒಬ್ಬನನ್ನು ತೋರಿಸಿದೆ. ಅವರು ಕಡ್ಡಿಯನ್ನು ಹಲ್ಲಿನ ಸಂದಿಯಿಂದ ತೆಗೆದು, ಹೂಂ ಎಂದು, ಮತ್ತೆ ಇಟ್ಟುಕೊಂಡರು. ನನಗೆ ಬೇಕಾಗಿದ್ದ ಒಂದು ಸಾಲಿನ ಸರ್ಟಿಫಿಕೇಟು ಸಿಕ್ಕಿದ್ದು ಆಗ.

ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಸಕ್ಕನ ಎದುರು ಕುಳಿತು, ನಾಚಿಕೆ ಬಿಟ್ಟು ಕೇಳಿದೆ: "ಬಸಕ್ಕ, ಆ ಕೋಟು ನನಗೆ ಕೊಡ್ತೀಯೇನವ್ವ? ನೆನಪಿಗೆ ಇಟ್ಕೋತೀನಿ."

ಅವಳು ಅಚ್ಚರಿಯಿಂದ ನನ್ನನ್ನು ನೋಡಿದಳು. "ಎಲ್ಲಿಂದ ಕೊಡ್ಲಿ ರಾಯರ? ಅದನ್ನ ಮೂಕಣ್ಣ ಒಯ್ದಾನ. ಈಗ ಅವ ಅಲ್ಲೇನ್ರಿ ಮೇಸ್ತ್ರಿ? ಅವಗ ಬೇಕಾಗ್ತೈತಿ." ಗೂಟದ ಕಡೆ ಕೈ ತೋರಿಸಿ ಹೇಳಿದಳು: "ಹೋದ ವಾರ ಒಮ್ಮೆ ಹಾಕ್ಕೊಂಡಿದ್ನಂತ."

ಗೂಟ ಬರಿದಾಗಿತ್ತು. ಒಂದು ಕ್ಷಣ ಬೇಸರವಾಯಿತು, ಮರುಕ್ಷಣ ಎದೆ ತುಂಬಿ ಬಂತು. ನನ್ನ ಮನೆಯ ಪೆಟ್ಟಿಗೆಯಲ್ಲಿ ಅದು ನೆನಪಾಗಿ ಬಿದ್ದಿರುತ್ತಿತ್ತು. ಅಲ್ಲಿ ಅದು ಇನ್ನೂ ಯಾರದೋ ಅನ್ನವನ್ನು ಕಾಯುತ್ತಿದೆ.

ಹುಲುಗಪ್ಪನವರಂಥವರು ಕೆಲಸದ ಜಾಗಗಳಲ್ಲಿ ಅಲ್ಲಲ್ಲಿ ಒಬ್ಬೊಬ್ಬರು ಇರುತ್ತಾರೆ. ಅವರಿಲ್ಲದ ಕಡೆಯೂ ಕೆಲಸ ನಡೆಯುತ್ತದೆ, ಕಾಲುವೆ ಹರಿಯುತ್ತದೆ; ಆದರೆ ಅಲ್ಲಿ ತಪ್ಪು ಮಾಡಿದವನು ಅದರ ಜೊತೆಗೆ ಸುಳ್ಳು ಹೇಳುವುದನ್ನೂ ಕಲಿಯುತ್ತಾನೆ. ಬೈಗುಳವನ್ನು ಮೈಮೇಲೆ ಎಳೆದುಕೊಳ್ಳುವವರೆಂದು ನಾವು ಇಂಥವರನ್ನು ಮೆಚ್ಚುತ್ತೇವೆ. ಅದು ಅವರ ಅರ್ಧ ಮಾತ್ರ. ಆ ಮನುಷ್ಯ ನನ್ನನ್ನು ಮೂರು ಸಲ ಕೇಳಿದರು. ಮೊದಲ ಸಲ ಮೂರ್ಖತನದ ಉತ್ತರ ಸಿಕ್ಕಿತು, ಎರಡನೆಯ ಸಲ ಉತ್ತರವೇ ಸಿಗಲಿಲ್ಲ. ಆದರೂ ಮೂರನೆಯ ಸಲ, ಈ ಸಲ ಇವನು ಸರಿಯಾಗಿ ಹೇಳಬಹುದು ಎಂದು ನಂಬಿ ಕೇಳುವವರು ಇದ್ದಾರಲ್ಲ, ನಾವು ಮನುಷ್ಯರಾಗುವುದು ಅಂಥವರಿಂದ.